ಗಂಡ ತೀರಿಕೊಂಡ ಮೇಲೆ ರಾಜಕುಮಾರಿ ಯಾರ ಮನೆಯವಳು? ಯುರೋಪಿನ ರಾಜವಂಶಗಳ ಮದುವೆಗಳ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಓದುಗಿ

ನಮಸ್ಕಾರ. ಕೆಲವು ತಿಂಗಳುಗಳಿಂದ ಹದಿನೈದನೆಯ ಶತಮಾನದ ಕೊನೆಯಿಂದ ಹದಿನೇಳನೆಯ ಶತಮಾನದವರೆಗಿನ ಯುರೋಪಿನ ರಾಜಮನೆತನಗಳ ಚರಿತ್ರೆಯನ್ನು ಓದುತ್ತಿದ್ದೇನೆ. ಯುದ್ಧಗಳ ಕಾರಣಗಳೂ ಸಂಧಿಗಳ ಷರತ್ತುಗಳೂ ಒಂದು ಮಟ್ಟಿಗೆ ಅರ್ಥವಾಗುತ್ತವೆ. ಆದರೆ ಬಹುಪಾಲು ಸಂಧಿಗಳ ಕೊನೆಯಲ್ಲಿ ಒಬ್ಬ ಹುಡುಗಿಯನ್ನು ಇನ್ನೊಂದು ದೇಶಕ್ಕೆ ಕೊಟ್ಟು ಮದುವೆ ಮಾಡಿದರು ಎಂಬ ಒಂದೇ ಒಂದು ವಾಕ್ಯ ಬರುತ್ತದೆ. ಅಲ್ಲಿಂದ ಮುಂದೆ ಆ ಹುಡುಗಿಯ ಸುದ್ದಿ ಬರುವುದು ಆಕೆ ಗಂಡು ಮಗುವನ್ನು ಹೆತ್ತಾಗ ಅಥವಾ ಕಣ್ಣು ಮುಚ್ಚಿದಾಗ ಮಾತ್ರ.

ನಾನು ಸಿಕ್ಕಿಕೊಂಡಿರುವುದು ಅರಗಾನಿನ ಕ್ಯಾಥರೀನಳ ಕಥೆಯಲ್ಲಿ. ಸ್ಪೇನಿನ ಫರ್ಡಿನಾಂಡ್ ಮತ್ತು ಇಸಬೆಲ್ಲಾ ದಂಪತಿಯ ಕಿರಿಯ ಮಗಳಾದ ಈಕೆ 1501ರ ನವೆಂಬರ್ 14ರಂದು ಲಂಡನ್ನಿನಲ್ಲಿ ಇಂಗ್ಲೆಂಡಿನ ಯುವರಾಜ ಆರ್ಥರನನ್ನು ಮದುವೆಯಾದಳು. ಐದು ತಿಂಗಳು ತುಂಬುವ ಮೊದಲೇ, 1502ರ ಏಪ್ರಿಲ್ 2ರಂದು, ಆರ್ಥರ್ ತೀರಿಕೊಂಡ. ಆಗ ಆಕೆಗೆ ಹದಿನಾರು ವರ್ಷ. ಅದಾದ ಮೇಲೆ 1509ರ ಜೂನ್‌ನಲ್ಲಿ ಮೈದುನನಾದ ಎಂಟನೆಯ ಹೆನ್ರಿಯನ್ನು ಕೈಹಿಡಿಯುವವರೆಗೆ, ಅಂದರೆ ಏಳು ವರ್ಷಗಳಿಗೂ ಹೆಚ್ಚು ಕಾಲ, ಆಕೆ ಅತ್ತ ತವರಿಗೂ ಹೋಗದೆ ಇತ್ತ ಗಂಡನ ಮನೆಯವಳೂ ಆಗದೆ ಇಂಗ್ಲೆಂಡಿನಲ್ಲಿಯೇ ಉಳಿದಳು.

ಆಕೆಯನ್ನು ಊರಿಗೆ ಕಳುಹಿಸಲಿಲ್ಲ ಏಕೆ? ಆಕೆಯೊಂದಿಗೆ ಬಂದ ವರದಕ್ಷಿಣೆ ಯಾರ ಸೊತ್ತಾಯಿತು? ಈ ಎರಡಕ್ಕಿಂತ ಮುಖ್ಯವಾಗಿ, ಇಂತಹ ಹೆಣ್ಣುಮಕ್ಕಳಿಗೆ ತಮ್ಮ ಬದುಕಿನ ಬಗ್ಗೆ ಯಾವುದಾದರೂ ಮಾತು ಉಳಿದಿತ್ತೇ? ಕೆಲವರು ಇವರನ್ನು ಚದುರಂಗದ ಕಾಯಿಗಳೆಂದು ಬರೆಯುತ್ತಾರೆ, ಇನ್ನು ಕೆಲವರು ಪರದೆಯ ಹಿಂದೆ ನಿಂತು ರಾಜ್ಯವಾಳಿದವರೆಂದು ಬರೆಯುತ್ತಾರೆ. ನನಗೆ ಎರಡರಲ್ಲಿಯೂ ನಂಬಿಕೆ ಹುಟ್ಟುತ್ತಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.


ಉತ್ತರ 1: ಕಡತಪ್ರಿಯ

ನೀವು ಕೇಳಿದ ಪ್ರಶ್ನೆಗಳ ಬೇರು ಇರುವುದು ಮದುವೆಯ ಕರಾರುಪತ್ರದಲ್ಲಿ. ರಾಜಮನೆತನಗಳ ಮದುವೆ ಎರಡು ಖಜಾನೆಗಳ ನಡುವಿನ ವ್ಯವಹಾರವೂ ಆಗಿದ್ದರಿಂದ ಅದರ ಚೌಕಾಸಿ ವರ್ಷಗಟ್ಟಲೆ ನಡೆಯುತ್ತಿತ್ತು. ಕ್ಯಾಥರೀನಳ ಮದುವೆಗೆ ಮೊದಲ ಒಪ್ಪಂದವಾದದ್ದು 1489ರಲ್ಲಿ, ಮೆದಿನಾ ದೆಲ್ ಕಾಂಪೋ ಎಂಬ ಪಟ್ಟಣದಲ್ಲಿ; ಆಗ ಆಕೆಗೆ ಮೂರು ವರ್ಷ. ತವರಿನವರು 2 ಲಕ್ಷ ಕ್ರೌನ್ ವರದಕ್ಷಿಣೆ ಕೊಡಬೇಕು, ಅದರಲ್ಲಿ ಅರ್ಧವನ್ನು ಮದುವೆಯ ಹೊತ್ತಿಗೂ ಉಳಿದ ಅರ್ಧವನ್ನು ಆಮೇಲೆ ಕಂತುಗಳಲ್ಲಿಯೂ ಸಲ್ಲಿಸಬೇಕು ಎಂದು ಮಾತಾಯಿತು. ಅದಕ್ಕೆ ಪ್ರತಿಯಾಗಿ ಗಂಡನ ಮನೆಯವರು ಆಕೆ ವಿಧವೆಯಾದರೆ ಜೀವಿತಾವಧಿಯವರೆಗೆ ಅನುಭವಿಸಲೆಂದು ಯುವರಾಜನ ಜಹಗೀರುಗಳಾದ ವೇಲ್ಸ್, ಕಾರ್ನ್‌ವಾಲ್ ಮತ್ತು ಚೆಸ್ಟರ್‌ಗಳ ಆದಾಯದಲ್ಲಿ ಮೂರನೆಯ ಒಂದು ಪಾಲನ್ನು ಬರೆದುಕೊಡಬೇಕಾಗಿತ್ತು. ವರದಕ್ಷಿಣೆಯನ್ನು ಮಾತ್ರ ಓದಿ ಈ ಎರಡನೆಯ ಪಾಲನ್ನು ಬಿಟ್ಟುಬಿಟ್ಟರೆ ಆ ಕಾಲದ ಯಾವ ವಿಧವೆಯ ಕಥೆಯೂ ಅರ್ಥವಾಗುವುದಿಲ್ಲ.

ಆರ್ಥರ್ ಸತ್ತಾಗ ಮೊದಲ 1 ಲಕ್ಷ ಕ್ರೌನ್ ಇಂಗ್ಲೆಂಡಿನ ಖಜಾನೆಗೆ ಸೇರಿಯಾಗಿತ್ತು. ಸುದ್ದಿ ತಿಳಿದ ಕೂಡಲೇ ಫರ್ಡಿನಾಂಡ್ ಮತ್ತು ಇಸಬೆಲ್ಲಾ ತಮ್ಮ ರಾಯಭಾರಿಯ ಮೂಲಕ ಕೊಟ್ಟ ಹಣವನ್ನು ಹಿಂತಿರುಗಿಸಬೇಕು, ವಿಧವೆಯ ಪಾಲನ್ನು ಒಪ್ಪಿಸಬೇಕು, ಮಗಳನ್ನು ಕಳುಹಿಸಿಕೊಡಬೇಕು ಎಂದು ಏಳನೆಯ ಹೆನ್ರಿಯನ್ನು ಕೇಳಿದರು. ಅದೇ ರಾಯಭಾರಿಗೆ, ಕಿರಿಯ ರಾಜಕುಮಾರನೊಂದಿಗೆ ಆಕೆಯ ಮದುವೆಯನ್ನು ಕುದುರಿಸಬೇಕೆಂಬ ಸೂಚನೆಯನ್ನೂ ಕೊಟ್ಟಿದ್ದರು. ಆಕೆಯನ್ನು ಕಳುಹಿಸಿದರೆ ಹೆನ್ರಿಯು ಕೈಗೆ ಬಂದ ಹಣವನ್ನು ಬಿಡಬೇಕು, ಹಣ ಬಾರದೆ ಆಕೆಯನ್ನು ಕರೆಸಿಕೊಂಡರೆ ಸ್ಪೇನ್ ಹಣವನ್ನೂ ಫ್ರಾನ್ಸಿನ ವಿರುದ್ಧದ ಮೈತ್ರಿಯನ್ನೂ ಕಳೆದುಕೊಳ್ಳಬೇಕು. ಇಬ್ಬರು ರಾಜರೂ ಹಿಡಿದ ಹಗ್ಗವನ್ನು ಬಿಡಲಿಲ್ಲ, ಆಕೆ ನಡುವೆ ಉಳಿದಳು. 1503ರ ಜೂನ್‌ನಲ್ಲಿ ಎರಡನೆಯ ಮದುವೆಗೆ ಒಪ್ಪಂದವೇನೋ ಆಯಿತು. ಅಣ್ಣನ ವಿಧವೆಯನ್ನು ತಮ್ಮ ಮದುವೆಯಾಗಲು ಬೇಕಾದ ಪೋಪರ ವಿನಾಯಿತಿಯೂ ಸಿಕ್ಕಿತು. ಆದರೆ 1504ರ ಕೊನೆಯಲ್ಲಿ ತಾಯಿ ಇಸಬೆಲ್ಲಾ ತೀರಿಕೊಂಡು ಕ್ಯಾಸ್ಟೀಲ್ ರಾಜ್ಯವು ಅಕ್ಕ ಹುವಾನಳ ಪಾಲಾಗುತ್ತಿದ್ದಂತೆ, ಬರಿಯ ಅರಗಾನಿನ ದೊರೆಯ ಮಗಳಾಗಿ ಉಳಿದ ಕ್ಯಾಥರೀನಳ ಬೆಲೆ ಇಂಗ್ಲೆಂಡಿನವರ ಕಣ್ಣಿನಲ್ಲಿ ಕುಸಿಯಿತು.

ಒಂದು ವಿವರವನ್ನು ಹತ್ತಿರದಿಂದ ನೋಡಿ. ಬಾಕಿಯಿದ್ದ ಅರ್ಧ ವರದಕ್ಷಿಣೆಯಲ್ಲಿ 35,000 ಕ್ರೌನ್‌ನಷ್ಟನ್ನು ಬೆಳ್ಳಿ ಬಂಗಾರದ ಪಾತ್ರೆಗಳ ಮತ್ತು ಒಡವೆಗಳ ರೂಪದಲ್ಲಿ ಲೆಕ್ಕ ಹಿಡಿಯಬೇಕೆಂದು ಸ್ಪೇನಿನವರ ವಾದವಿತ್ತು. ಆ ಪಾತ್ರೆಗಳು ಕ್ಯಾಥರೀನಳ ಮನೆಯಲ್ಲಿಯೇ ಇದ್ದವು. ಮಾವನು ಕೊಡುತ್ತಿದ್ದ ಹಣ ಸಾಲದೆ, ತಂದೆಯಿಂದ ಏನೂ ಬಾರದೆ, ತನ್ನ ಸೇವಕರಿಗೆ ಸಂಬಳ ಕೊಡಲಾಗದೆ ಆಕೆ ಅವುಗಳನ್ನು ಒಂದೊಂದಾಗಿ ಒತ್ತೆಯಿಡತೊಡಗಿದಳು. ಒತ್ತೆಯಿಟ್ಟ ಪ್ರತಿಯೊಂದು ತಟ್ಟೆಯೂ ಆಕೆಯದೇ ಮದುವೆಯ ಬಾಕಿಯನ್ನು ಅಷ್ಟಷ್ಟು ಕರಗಿಸುತ್ತಿತ್ತು. ಕಪ್ಪು ಮಖಮಲ್ಲಿನ ಒಂದು ಉಡುಪಿಗಾಗಿ ಕೈಬಳೆಗಳನ್ನು ಮಾರಬೇಕಾಯಿತೆಂದು ಆಕೆ ತಂದೆಗೆ ಪತ್ರ ಬರೆದಿದ್ದಾಳೆ. ಒಂದು ಸಾಮ್ರಾಜ್ಯದ ರಾಜಕುಮಾರಿ ಬರೆದ ಆ ಸಾಲುಗಳನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನು ಇಟ್ಟುಕೊಂಡು ಈ ಮನೆತನಗಳನ್ನು ನೋಡಲು ಹೋದರೆ ದಾರಿ ತಪ್ಪುತ್ತದೆ. ಇಲ್ಲಿ ಕೊಟ್ಟ ಹೆಣ್ಣು ಎರಡೂ ಮನೆಗಳ ಲೆಕ್ಕದ ಪುಸ್ತಕದಲ್ಲಿ ಉಳಿಯುತ್ತಿದ್ದಳು, ಆಕೆಯ ಸಂಕಟವೂ ಶಕ್ತಿಯೂ ಹುಟ್ಟಿದ್ದು ಅಲ್ಲಿಂದಲೇ ಎಂಬುದು ನನ್ನ ಅಭಿಪ್ರಾಯ. 1507ರಲ್ಲಿ ಫರ್ಡಿನಾಂಡ್ ಇದೇ ಮಗಳಿಗೆ ಅಧಿಕಾರಪತ್ರ ಕಳುಹಿಸಿ ಇಂಗ್ಲೆಂಡಿನ ಆಸ್ಥಾನದಲ್ಲಿ ತನ್ನ ರಾಯಭಾರಿಯನ್ನಾಗಿ ನೇಮಿಸಿದ. ಬಳೆ ಮಾರಿದ ಹೆಣ್ಣುಮಗಳು ತನ್ನ ಮದುವೆಯ ಮಾತುಕತೆಯನ್ನು ತಾನೇ, ತಂದೆಯ ಹೆಸರಿನಲ್ಲಿ, ಮಾವನ ಎದುರು ನಿಂತು ನಡೆಸಿದಳು.

ವರದಕ್ಷಿಣೆಯು ಯಾವಾಗಲೂ ನಾಣ್ಯದ ರೂಪದಲ್ಲಿಯೇ ಇರಬೇಕೆಂದಿರಲಿಲ್ಲ ಎಂಬುದನ್ನೂ ಸೇರಿಸುತ್ತೇನೆ. ಪೋರ್ಚುಗಲ್‌ನ ಬ್ರಗಾಂಜಾ ಮನೆತನದ ಕ್ಯಾಥರೀನ್ 1662ರಲ್ಲಿ ಇಂಗ್ಲೆಂಡಿನ ಎರಡನೆಯ ಚಾರ್ಲ್ಸನನ್ನು ಮದುವೆಯಾದಾಗ 20 ಲಕ್ಷ ಕ್ರುಜಾದೋಗಳ ಭರವಸೆಯೊಂದಿಗೆ ಉತ್ತರ ಆಫ್ರಿಕಾದ ಟ್ಯಾಂಜಿಯರ್ ಮತ್ತು ಬೊಂಬಾಯಿ ಕೂಡ ಕರಾರಿನಲ್ಲಿದ್ದವು. 1668ರಲ್ಲಿ ಚಾರ್ಲ್ಸ್ ಆ ಬೊಂಬಾಯಿಯನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿದ.


ಉತ್ತರ 2: ಹಳೆಯಂಚೆ

ಕಡತಪ್ರಿಯ ಅವರು ಲೆಕ್ಕದ ಭಾಗವನ್ನು ಚೆನ್ನಾಗಿ ಬಿಡಿಸಿದ್ದಾರೆ. ಆದರೆ ಕರಾರುಪತ್ರವೊಂದರಿಂದಲೇ ಎಲ್ಲವೂ ನಿರ್ಧಾರವಾಗುತ್ತಿತ್ತು ಎಂಬ ಧ್ವನಿ ಅವರ ಮಾತಿನಲ್ಲಿದೆ, ಅದನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಚರ್ಚಿನ ಕಾನೂನಿನ ಪ್ರಕಾರ ಮದುವೆಯನ್ನು ಮದುವೆಯನ್ನಾಗಿ ಮಾಡುವುದು ವಧೂವರರಿಬ್ಬರ ಸಮ್ಮತಿ. ತಂದೆ ಸಹಿ ಹಾಕಬಹುದು, ರಾಯಭಾರಿಗಳು ಮೊಹರು ಒತ್ತಬಹುದು. ಆದರೆ ಹುಡುಗಿಗೆ ಹನ್ನೆರಡು, ಹುಡುಗನಿಗೆ ಹದಿನಾಲ್ಕು ತುಂಬುವ ಮೊದಲು ಆದ ನಿಶ್ಚಯವನ್ನು ಆ ವಯಸ್ಸು ತಲುಪಿದ ಮೇಲೆ ಅವರೇ ನಿರಾಕರಿಸಲು ಅವಕಾಶವಿತ್ತು. ಕ್ಯಾಥರೀನಳ ಕಥೆಯಲ್ಲಿಯೇ ಈ ನಿಯಮ ಕೆಲಸ ಮಾಡಿದೆ. 1505ರ ಜೂನ್ 27ರಂದು, ಹದಿನಾಲ್ಕು ತುಂಬುವ ಹಿಂದಿನ ದಿನ, ಕಿರಿಯ ಹೆನ್ರಿಯು ಬಿಷಪ್ಪರೊಬ್ಬರ ಮುಂದೆ ಈ ನಿಶ್ಚಿತಾರ್ಥಕ್ಕೆ ತಾನು ಬದ್ಧನಲ್ಲವೆಂದು ಗುಟ್ಟಾಗಿ ಹೇಳಿಕೆ ಬರೆಸಿದ. ಅದನ್ನು ಬರೆಸಿದ್ದು ಅವನ ತಂದೆ ಎಂಬುದು ಸ್ಪಷ್ಟ. ಒಪ್ಪಿಗೆಯನ್ನು ರಾಜರು ತಮ್ಮ ಅನುಕೂಲಕ್ಕೆ ಬಳಸಿಕೊಂಡರು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಡ.

ಅದೇ ಅಸ್ತ್ರವನ್ನು ಒಬ್ಬ ಹುಡುಗಿ ರಾಜನ ವಿರುದ್ಧವೇ ಎತ್ತಿದ ಪ್ರಸಂಗ ನನಗೆ ಬಹಳ ಮುಖ್ಯವಾದದ್ದು. ನವಾರ್ ರಾಜ್ಯದ ಉತ್ತರಾಧಿಕಾರಿ ಜಾನ್ ದಾಲ್ಬ್ರೆಗೆ 1541ರಲ್ಲಿ ಹನ್ನೆರಡು ವರ್ಷ. ಸೋದರಮಾವನಾದ ಫ್ರಾನ್ಸಿನ ದೊರೆ ಮೊದಲನೆಯ ಫ್ರಾನ್ಸಿಸ್, ಸ್ಪೇನಿನ ದೊರೆಯೂ ಆಗಿದ್ದ ಚಕ್ರವರ್ತಿ ಐದನೆಯ ಚಾರ್ಲ್ಸನ ವಿರುದ್ಧ ಜರ್ಮನಿಯಲ್ಲಿ ಒಬ್ಬ ಮಿತ್ರನನ್ನು ಸಂಪಾದಿಸಲು ಆಕೆಯನ್ನು ಕ್ಲೇವ್ಸ್‌ನ ಡ್ಯೂಕನಿಗೆ ಕೊಡಲು ನಿಶ್ಚಯಿಸಿದ. ಈ ಮದುವೆ ತನಗೆ ಬೇಡ, ತನ್ನನ್ನು ಹೊಡೆದು ಬೆದರಿಸಿ ಒಪ್ಪಿಸಲಾಗುತ್ತಿದೆ ಎಂದು ಆಕೆ ಬರವಣಿಗೆಯಲ್ಲಿ ಪ್ರತಿಭಟನೆಯನ್ನು ದಾಖಲಿಸಿ, ತನ್ನ ಮನೆಯ ಪರಿವಾರದವರಿಂದ ಸಾಕ್ಷಿ ಹಾಕಿಸಿದಳು. ಮದುವೆಯ ದಿನ ಬಂಗಾರ ಮತ್ತು ಹರಳುಗಳಿಂದ ಭಾರವಾದ ಉಡುಪಿನಲ್ಲಿ ಆಕೆ ಪೀಠದತ್ತ ಹೆಜ್ಜೆಯಿಡಲಿಲ್ಲ. ದೊರೆಯ ಅಪ್ಪಣೆಯ ಮೇರೆಗೆ ರಾಜ್ಯದ ಮಹಾದಂಡನಾಯಕ ಮೋಂಮೊರಾನ್ಸಿಯು ಆಸ್ಥಾನದ ಕಣ್ಣೆದುರಿನಲ್ಲಿ ಆಕೆಯನ್ನು ಎತ್ತಿಕೊಂಡು ಹೋಗಬೇಕಾಯಿತು. 1545ರಲ್ಲಿ ಪೋಪರು ಈ ಮದುವೆಯನ್ನು ಅಸಿಂಧುವೆಂದು ಘೋಷಿಸಿದಾಗ ಆಧಾರವಾದದ್ದು ಆಕೆ ಬರೆದಿಟ್ಟ ಆ ಪ್ರತಿಭಟನೆಯೇ. ಅಷ್ಟು ಹೊತ್ತಿಗೆ ಡ್ಯೂಕನು ಚಾರ್ಲ್ಸನಿಗೆ ಶರಣಾಗಿ ಫ್ರಾನ್ಸಿಗೆ ಬೇಡವಾಗಿದ್ದ ಎಂಬುದನ್ನೂ ಮರೆಯಬಾರದು. ರಾಜನಿಗೆ ಇನ್ನೂ ಆ ಮೈತ್ರಿ ಬೇಕಾಗಿದ್ದರೆ ಹುಡುಗಿಯ ಕಾಗದಕ್ಕೆ ಯಾವ ಗತಿಯಾಗುತ್ತಿತ್ತೆಂದು ಊಹಿಸಬಹುದು. ಆದರೆ ಕಾಗದವನ್ನೇ ಬರೆಯದಿದ್ದರೆ ಬಿಡುಗಡೆಗೆ ಆಧಾರವೇ ಇರುತ್ತಿರಲಿಲ್ಲ.

ಇನ್ನೊಂದು ಪ್ರಸಂಗ 1533ರದ್ದು. ಡೆನ್ಮಾರ್ಕಿನ ಕ್ರಿಸ್ಟೀನಾಳಿಗೆ ಆಗ ಹನ್ನೊಂದು ವರ್ಷ. ಸೋದರಮಾವ ಐದನೆಯ ಚಾರ್ಲ್ಸ್ ಆಕೆಯನ್ನು ಮೂವತ್ತೆಂಟು ವರ್ಷದ ಮಿಲಾನಿನ ಡ್ಯೂಕ್ ಫ್ರಾಂಚೆಸ್ಕೋ ಸ್ಫೋರ್ಜಾನಿಗೆ ಕೊಡಲು ತೀರ್ಮಾನಿಸಿದ. ಹುಡುಗಿಯನ್ನು ಸಾಕುತ್ತಿದ್ದವಳು ಚಾರ್ಲ್ಸನ ತಂಗಿ, ನೆದರ್‌ಲ್ಯಾಂಡ್ಸ್ ಪ್ರಾಂತ್ಯಗಳನ್ನು ಅಣ್ಣನ ಪರವಾಗಿ ಆಳುತ್ತಿದ್ದ ಹಂಗೇರಿಯ ವಿಧವೆ ರಾಣಿ ಮೇರಿ. ಇನ್ನೂ ಮೈನೆರೆಯದ ಮಗುವನ್ನು ಮದುವೆ ಮಾಡಿಕೊಡುವುದು ದೇವರ ನಿಯಮಕ್ಕೂ ವಿವೇಕಕ್ಕೂ ವಿರುದ್ಧ, ಬೇಗನೆ ಗರ್ಭಿಣಿಯಾದರೆ ತಾಯಿ ಮಗು ಇಬ್ಬರ ಪ್ರಾಣಕ್ಕೂ ಅಪಾಯ ಎಂದು ಆಕೆ ಅಣ್ಣನಿಗೆ ನೇರವಾಗಿ ಬರೆದಳು. ವಯಸ್ಸಿನ ಅಂತರದಿಂದ ತೊಂದರೆಯಾಗುವುದು ಸೋದರಸೊಸೆಗಿಂತ ಹೆಚ್ಚಾಗಿ ಡ್ಯೂಕನಿಗೆ ಎಂಬ ಅರ್ಥದ ಉತ್ತರ ಬಂತು, ಅದೇ ಸೆಪ್ಟೆಂಬರ್‌ನಲ್ಲಿ ಪ್ರತಿನಿಧಿಯ ಮೂಲಕ ಮದುವೆಯೂ ನಡೆದುಹೋಯಿತು. ಮೇರಿ ಸೋತಳು. ಆದರೂ ಆ ಪತ್ರವನ್ನು ಓದಿದ ಮೇಲೆ, ಆ ಕಾಲದವರಿಗೆ ಇದು ಸಹಜವೆನಿಸುತ್ತಿತ್ತು, ನಮಗೆ ಮಾತ್ರ ಕ್ರೌರ್ಯವಾಗಿ ಕಾಣುತ್ತದೆ ಎಂಬ ಮಾತನ್ನು ನಾನು ಮತ್ತೆ ಎಂದೂ ಹೇಳಿಲ್ಲ. ಅಂದಿನ ಹೆಂಗಸರಿಗೇ ಅದು ಕ್ರೌರ್ಯವಾಗಿ ಕಂಡಿತ್ತು, ಅವರು ಹಾಗೆಂದು ಬರೆದೂ ಇದ್ದರು.

ಕ್ರಿಸ್ಟೀನಾ ಹದಿಮೂರು ಮುಗಿಸುತ್ತಿದ್ದಂತೆ ವಿಧವೆಯಾದಳು. 1538ರ ಮಾರ್ಚ್ 12ರಂದು ಬ್ರಸೆಲ್ಸ್‌ನಲ್ಲಿ ಚಿತ್ರಕಾರ ಹೋಲ್ಬೈನ್ ಎಂಟನೆಯ ಹೆನ್ರಿಗೆ ತೋರಿಸಲೆಂದು ಆಕೆಯ ರೂಪವನ್ನು ಬರೆದುಕೊಂಡ. ಅದಕ್ಕೆ ಸಿಕ್ಕಿದ್ದು ಮೂರು ಗಂಟೆಗಳ ಸಮಯ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಆ ಚಿತ್ರದಲ್ಲಿ ಆಕೆ ಕಪ್ಪು ಶೋಕವಸ್ತ್ರದಲ್ಲಿ ನಿಂತಿದ್ದಾಳೆ, ಮುಖ ಮತ್ತು ಕೈಗಳಿಗೆ ಮಾತ್ರ ಬೆಳಕಿದೆ. ನನಗೆ ಎರಡು ತಲೆಗಳಿದ್ದರೆ ಒಂದನ್ನು ಇಂಗ್ಲೆಂಡಿನ ದೊರೆಗೆ ಕೊಡುತ್ತಿದ್ದೆ ಎಂದು ಆಕೆ ಹೇಳಿದಳೆಂಬ ಪ್ರಸಿದ್ಧ ಮಾತು ಸಮಕಾಲೀನ ದಾಖಲೆಗಳಲ್ಲಿ ಇಲ್ಲ, ಅದನ್ನು ನಂಬಬೇಡಿ. ಆ ಮದುವೆ ನಡೆಯಲಿಲ್ಲ ಎಂಬುದು ಮಾತ್ರ ನಿಜ.


ಪ್ರತಿಕ್ರಿಯೆ: ಓದುಗಿ

ಇಬ್ಬರಿಗೂ ಕೃತಜ್ಞತೆಗಳು. ಬೆಳ್ಳಿ ತಟ್ಟೆಗಳ ವಿವರವೂ ಮೇರಿಯ ಪತ್ರವೂ ನಾನು ಓದಿದ ಪುಸ್ತಕಗಳಲ್ಲಿ ಇರಲಿಲ್ಲ. ನಿಮ್ಮ ಮಾತುಗಳಿಂದ ಇನ್ನೊಂದು ಪ್ರಶ್ನೆ ಹುಟ್ಟಿತು. ಇಂತಹ ಹೆಣ್ಣುಮಗಳು ಎರಡೂ ಮನೆಗಳಿಗೆ ಸೇರಿದವಳಾಗಿದ್ದರೆ, ಆ ಎರಡು ಮನೆಗಳ ನಡುವೆ ಜಗಳವಾದಾಗ ಆಕೆ ಯಾರ ಪಕ್ಷ ವಹಿಸುತ್ತಿದ್ದಳು? ಮೇರಿಯಂತಹವರು ವಿಧವೆಯರಾದ ಮೇಲೆಯೇ ಅಧಿಕಾರ ಪಡೆದದ್ದು ಕಾಕತಾಳೀಯವೋ, ಅದಕ್ಕೆ ಕಾರಣವಿದೆಯೋ?


ಉತ್ತರ 3: ನಕ್ಷೆಗಾರ

ಅದು ಕಾಕತಾಳೀಯವಲ್ಲ. ಮಗಳಾಗಿದ್ದಾಗ ತಂದೆಯ, ಹೆಂಡತಿಯಾದಾಗ ಗಂಡನ ಅಧೀನದಲ್ಲಿರುತ್ತಿದ್ದ ಹೆಣ್ಣು ತನ್ನದೇ ಆದಾಯವನ್ನು ತನ್ನ ಸಹಿಯಿಂದ ಖರ್ಚು ಮಾಡುವ ಸ್ಥಿತಿಗೆ ಬರುತ್ತಿದ್ದದ್ದು ವಿಧವೆಯಾದ ಮೇಲೆ, ಅದೂ ಕರಾರಿನಂತೆ ಆಕೆಯ ಪಾಲು ಕೈಸೇರಿದರೆ ಮಾತ್ರ. ಇದಕ್ಕೆ ಆಸ್ಟ್ರಿಯಾದ ಮಾರ್ಗರೆಟ್‌ಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ, ಆದ್ದರಿಂದ ಆಕೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಆಕೆ ಹುಟ್ಟಿದ್ದು 1480ರಲ್ಲಿ, ಹ್ಯಾಬ್ಸ್‌ಬರ್ಗ್ ಮನೆತನದ ಮ್ಯಾಕ್ಸಿಮಿಲಿಯನ್ ಮತ್ತು ಬರ್ಗಂಡಿಯ ಮೇರಿಯ ಮಗಳಾಗಿ. ತಾಯಿ ಸತ್ತ ಮರುವರ್ಷ, ಮೂರು ವರ್ಷದ ಕೂಸನ್ನು ಎಂಟನೆಯ ಚಾರ್ಲ್ಸನ ಮುಂದಿನ ರಾಣಿಯೆಂದು ಫ್ರಾನ್ಸಿಗೆ ಕಳುಹಿಸಿದರು. ಆರ್ತ್ವಾ ಮತ್ತು ಫ್ರಾಂಶ್-ಕೊಂತೆ ಪ್ರಾಂತ್ಯಗಳು ವರದಕ್ಷಿಣೆಯಾಗಿ ಜೊತೆಗೆ ಹೋದವು. ಎಂಟು ವರ್ಷ ಆಕೆಯನ್ನು ಪುಟ್ಟ ರಾಣಿ ಎಂದು ಕರೆದ ಆಸ್ಥಾನ 1491ರಲ್ಲಿ ಬ್ರಿಟನಿ ಪ್ರಾಂತ್ಯದ ಆಸೆಗೆ ಅಲ್ಲಿನ ಒಡತಿ ಆನ್‌ಳನ್ನು ಚಾರ್ಲ್ಸನಿಗೆ ತಂದುಕೊಂಡಿತು. ಆ ಆನ್ ಹಿಂದಿನ ವರ್ಷವಷ್ಟೇ ಮಾರ್ಗರೆಟ್‌ಳ ತಂದೆ ಮ್ಯಾಕ್ಸಿಮಿಲಿಯನ್‌ನನ್ನು ಪ್ರತಿನಿಧಿಯ ಮೂಲಕ ಮದುವೆಯಾಗಿದ್ದವಳು. ಹೀಗೆ ಒಂದೇ ಏಟಿಗೆ ಮಗಳು ಗಂಡನನ್ನೂ ತಂದೆ ಹೆಂಡತಿಯನ್ನೂ ಕಳೆದುಕೊಂಡರು. ಇಷ್ಟಾದರೂ ಫ್ರಾನ್ಸ್ ಹುಡುಗಿಯನ್ನು ಕೂಡಲೇ ಕಳುಹಿಸಲಿಲ್ಲ. ಕಳುಹಿಸಿದರೆ ಪ್ರಾಂತ್ಯಗಳನ್ನೂ ಮರಳಿ ಕೊಡಬೇಕಾಗುತ್ತಿತ್ತು. ಕಡತಪ್ರಿಯ ಅವರು ಹೇಳಿದ ಲೆಕ್ಕವೇ ಇಲ್ಲಿಯೂ ನಡೆದಿದೆ. 1493ರಲ್ಲಿ ಸೆನ್‌ಲಿಸ್ ಸಂಧಿಯಾದ ಮೇಲೆ ಆಕೆ ಹಿಂತಿರುಗಿದಳು. 1497ರಲ್ಲಿ ಸ್ಪೇನಿನ ಯುವರಾಜ ಹುವಾನನನ್ನು ಮದುವೆಯಾಗಲು ಹಡಗಿನಲ್ಲಿ ಹೋಗುವಾಗ ಬಿರುಗಾಳಿಗೆ ಸಿಕ್ಕಿ, ಎರಡು ಸಲ ಮದುವೆಯಾಗಿಯೂ ಕನ್ಯೆಯಾಗಿಯೇ ಸತ್ತ ಮಾರ್ಗೋ ಇಲ್ಲಿ ಮಲಗಿದ್ದಾಳೆ ಎಂದು ತನ್ನ ಸಮಾಧಿಗೆ ತಾನೇ ಪದ್ಯ ಕಟ್ಟಿದಳೆಂಬ ಪ್ರತೀತಿಯಿದೆ. ಹಡಗು ದಡ ಸೇರಿತು. ಆದರೆ ಹುವಾನ್ ಆರು ತಿಂಗಳಿಗೆ ತೀರಿಕೊಂಡ, ಹೊಟ್ಟೆಯಲ್ಲಿದ್ದ ಮಗುವೂ ಉಳಿಯಲಿಲ್ಲ. 1501ರಲ್ಲಿ ಕೈಹಿಡಿದ ಸವಾಯ್‌ನ ಡ್ಯೂಕ್ ಫಿಲಿಬೇರ್ ಕೂಡ 1504ರಲ್ಲಿ ಸತ್ತ.

ಆಗ ಆಕೆಗೆ ಇಪ್ಪತ್ನಾಲ್ಕು. ತಂದೆ ಇನ್ನೊಂದು ಸಂಬಂಧ ನೋಡಿದ, ಇಂಗ್ಲೆಂಡಿನ ಏಳನೆಯ ಹೆನ್ರಿ ತಾನೇ ವರನಾಗಿ ಮುಂದೆ ಬಂದ. ಆಕೆ ಸ್ಪಷ್ಟವಾಗಿ ನಿರಾಕರಿಸಿದಳು. ಹಾಗೆ ನಿರಾಕರಿಸಲು ಧೈರ್ಯವೊಂದೇ ಸಾಲದು, ನೆಲೆಯೂ ಬೇಕು. ಸವಾಯ್‌ನಲ್ಲಿ ಮೈದುನನೊಂದಿಗೆ ಹೋರಾಡಿ ಉಳಿಸಿಕೊಂಡ ಬ್ರೆಸ್ ಮೊದಲಾದ ಭೂಮಿಗಳ ಆದಾಯ ಆಕೆಯ ನೆಲೆಯಾಗಿತ್ತು, ಅದೇ ಹಣದಿಂದ ಬ್ರೂ ಎಂಬಲ್ಲಿ ಗಂಡನ ಸಮಾಧಿಗೆಂದು ಮಠವನ್ನೂ ಚರ್ಚನ್ನೂ ಕಟ್ಟಿಸಿದಳು. 1507ರಿಂದ, ನಡುವೆ ಕೆಲವು ವರ್ಷ ಬಿಟ್ಟು, 1530ರಲ್ಲಿ ಸಾಯುವವರೆಗೆ ಮೆಖೆಲೆನ್ ನಗರದಿಂದ ನೆದರ್‌ಲ್ಯಾಂಡ್ಸನ್ನು ಆಳಿದಳು, ಅಣ್ಣನ ಮಕ್ಕಳಾದ ಐದನೆಯ ಚಾರ್ಲ್ಸ್ ಮತ್ತು ಅವನ ಸಹೋದರಿಯರನ್ನು ಸಾಕಿದಳು. ಮೇಲೆ ಹೇಳಿದ ಹಂಗೇರಿಯ ಮೇರಿ ಆಡಳಿತವನ್ನು ಕಂಡು ಬೆಳೆದದ್ದು ಈ ಸೋದರತ್ತೆಯ ಮನೆಯಲ್ಲಿ, 1531ರಲ್ಲಿ ಆಕೆ ವಹಿಸಿಕೊಂಡದ್ದೂ ಇದೇ ಸ್ಥಾನವನ್ನು.

ಯಾರ ಪಕ್ಷ ಎಂಬ ನಿಮ್ಮ ಪ್ರಶ್ನೆಗೆ 1529ರ ಕಾಂಬ್ರೇ ಸಂಧಿಯನ್ನು ನೋಡಬೇಕು. ಐದನೆಯ ಚಾರ್ಲ್ಸ್ ಮತ್ತು ಮೊದಲನೆಯ ಫ್ರಾನ್ಸಿಸ್ ಪರಸ್ಪರ ದ್ವಂದ್ವಯುದ್ಧದ ಸವಾಲು ಹಾಕಿಕೊಂಡು ಕುಳಿತಿದ್ದ ಕಾಲ ಅದು. ದೊರೆಗಳಿಗೆ ತಮ್ಮ ಮಾನದ ಕಾರಣದಿಂದ ಮೊದಲ ಹೆಜ್ಜೆಯಿಡಲು ಆಗದು, ಆದರೆ ಹೆಂಗಸರು ಇಡಬಹುದು ಎಂಬ ಅರ್ಥದಲ್ಲಿ ಮಾರ್ಗರೆಟ್ ಚಾರ್ಲ್ಸನಿಗೆ ಬರೆದಳು. ಎದುರು ಪಕ್ಷದಿಂದ ಬಂದವಳು ಫ್ರಾನ್ಸಿಸ್‌ನ ತಾಯಿ, ಸವಾಯ್‌ನ ಲೂಯೀಸ್. ಆಕೆ ಸತ್ತ ಫಿಲಿಬೇರನ ಅಕ್ಕ, ಅಂದರೆ ಮಾರ್ಗರೆಟ್‌ಗೆ ನಾದಿನಿ. ಬಾಲ್ಯದಲ್ಲಿ ಇಬ್ಬರೂ ಒಂದೇ ಆಸ್ಥಾನದಲ್ಲಿ ಬೆಳೆದವರು. ಕಾಂಬ್ರೇಯಲ್ಲಿ ಅಕ್ಕಪಕ್ಕದ ಎರಡು ಮನೆಗಳಲ್ಲಿ ಇಳಿದುಕೊಂಡು, ನಡುವೆ ಓಡಾಡಲು ದಾರಿ ಮಾಡಿಸಿಕೊಂಡು, ಅವರಿಬ್ಬರೂ ಷರತ್ತುಗಳನ್ನು ಚರ್ಚಿಸಿ ಆಗಸ್ಟ್‌ನಲ್ಲಿ ಸಂಧಿಯನ್ನು ಮುಗಿಸಿದರು. ಚಾರ್ಲ್ಸನ ಬಳಿ ಒತ್ತೆಯಾಳುಗಳಾಗಿದ್ದ ಫ್ರಾನ್ಸಿಸ್‌ನ ಇಬ್ಬರು ಗಂಡುಮಕ್ಕಳ ಬಿಡುಗಡೆಗೆ 20 ಲಕ್ಷ ಚಿನ್ನದ ಎಕ್ಯೂಗಳು ನಿಗದಿಯಾದವು. ಚರಿತ್ರೆಯಲ್ಲಿ ಇದಕ್ಕೆ ಹೆಂಗಸರ ಸಂಧಿ ಎಂದೇ ಹೆಸರು. ಮದುವೆಯಿಂದ ಹುಟ್ಟಿದ ನೆಂಟಸ್ತನವು ಗಂಡ ಸತ್ತು ಇಪ್ಪತ್ತೈದು ವರ್ಷಗಳಾದ ಮೇಲೆ ಕೆಲಸಕ್ಕೆ ಬಂದ ಬಗೆಯಿದು.

ತವರನ್ನು ಬಿಟ್ಟು ಗಂಡನ ಪಕ್ಷ ಹಿಡಿದವರೂ ಇದ್ದರು. ಪೋಲೆಂಡಿನ ಕ್ಯಾಥರೀನ್ ಯಾಗಿಯೆಲ್ಲೋನ್ 1562ರಲ್ಲಿ ಸ್ವೀಡನ್ನಿನ ರಾಜನ ತಮ್ಮ ಯೋಹಾನನನ್ನು ಮದುವೆಯಾದಳು. ಮರುವರ್ಷವೇ ರಾಜ ಎರಿಕ್ ತಮ್ಮನನ್ನು ಬಂಧಿಸಿದ. ಗಂಡನನ್ನು ಬಿಟ್ಟರೆ ಗೌರವದಿಂದ ಬೇರೆ ಕಡೆ ಇರಬಹುದೆಂದು ಹೇಳಿದಾಗ ಆಕೆ ತನ್ನ ಮದುವೆಯ ಉಂಗುರವನ್ನು ತೋರಿಸಿದಳೆಂದೂ ಅದರ ಮೇಲೆ ಸಾವಿನ ಹೊರತು ಬೇರಾರೂ ಅಗಲಿಸಲಾರರು ಎಂಬರ್ಥದ ಲ್ಯಾಟಿನ್ ಪದಗಳು ಕೆತ್ತಿದ್ದವೆಂದೂ ಹೇಳುತ್ತಾರೆ. ಗಂಡನೊಂದಿಗೆ ಗ್ರಿಪ್ಸ್‌ಹೋಮ್ ಕೋಟೆಯ ಸೆರೆಗೆ ಹೋದಳು. ಅಲ್ಲಿ 1566ರಲ್ಲಿ ಹುಟ್ಟಿದ ಮಗ ಸಿಗಿಸ್ಮಂಡ್ ಮುಂದೆ ತಾಯಿಯ ವಂಶದ ಬಲದಿಂದ ಪೋಲೆಂಡಿನ ದೊರೆಯಾಗಿ ಆಯ್ಕೆಯಾದ.


ಉತ್ತರ 4: ಕಡತಪ್ರಿಯ

ಹಳೆಯಂಚೆ ಅವರ ಆಕ್ಷೇಪಣೆ ನ್ಯಾಯವಾದದ್ದು, ಸಮ್ಮತಿಯ ವಿಷಯವನ್ನು ನಾನು ಬಿಟ್ಟದ್ದು ತಪ್ಪು. ಆದರೂ ಕರಾರಿನ ಒಂದು ಪದ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಒಂದು ಸಂಗತಿಯನ್ನು ಹೇಳುತ್ತೇನೆ. 1659ರ ಪಿರಿನೀಸ್ ಸಂಧಿಯಂತೆ ಸ್ಪೇನಿನ ಮರಿಯಾ ತೆರೇಸಾ ಹದಿನಾಲ್ಕನೆಯ ಲೂಯಿಯನ್ನು ಮದುವೆಯಾಗುವಾಗ ಸ್ಪೇನಿನ ಸಿಂಹಾಸನದ ಮೇಲಿನ ತನ್ನ ಹಕ್ಕನ್ನು ತ್ಯಜಿಸಿದಳು. ಆ ತ್ಯಾಗವು 5 ಲಕ್ಷ ಚಿನ್ನದ ಎಕ್ಯೂಗಳ ವರದಕ್ಷಿಣೆ ಸಂದಾಯವಾಗುವುದಕ್ಕೆ ಒಳಪಟ್ಟದ್ದು ಎಂಬರ್ಥ ಬರುವ ಮಾತನ್ನು ಫ್ರಾನ್ಸಿನವರು ಕರಾರಿನಲ್ಲಿ ಸೇರಿಸಿದ್ದರು. ಯುದ್ಧಗಳಿಂದ ಬರಿದಾಗಿದ್ದ ಸ್ಪೇನಿನ ಖಜಾನೆಯಿಂದ ಆ ಹಣ ಬರಲೇ ಇಲ್ಲ. 1667ರಲ್ಲಿ ಲೂಯಿ ಸ್ಪೇನಿನ ಅಧೀನದ ನೆದರ್‌ಲ್ಯಾಂಡ್ಸಿನ ಮೇಲೆ ದಂಡೆತ್ತಿ ಹೋದದ್ದು ಹೆಂಡತಿಯ ಹಕ್ಕಿನ ಹೆಸರಿನಲ್ಲಿ, 1700ರಲ್ಲಿ ಸ್ಪೇನಿನ ಸಿಂಹಾಸನ ಏರಿದವನು ಆಕೆಯ ಮೊಮ್ಮಗ. ಅಷ್ಟು ಹೊತ್ತಿಗೆ ಆಕೆ ಸತ್ತು ಹದಿನೇಳು ವರ್ಷಗಳಾಗಿದ್ದವು.

ಆಕೆಯ ಮಲತಂಗಿ ಮಾರ್ಗರೀತಾ ತೆರೇಸಾಳ ಚಿತ್ರಗಳನ್ನು ವಿಯೆನ್ನಾದ ಕಲಾ ಸಂಗ್ರಹಾಲಯದಲ್ಲಿ ನೋಡಬಹುದು. ಗುಲಾಬಿ, ಬಿಳಿ, ನೀಲಿ ಉಡುಪುಗಳಲ್ಲಿ ವರ್ಷ ವರ್ಷಕ್ಕೂ ಬೆಳೆಯುತ್ತಿರುವ ಮಗುವನ್ನು ವೆಲಾಸ್ಕೆಸ್ ಬರೆದ, ಅವು ವಿಯೆನ್ನಾಕ್ಕೆ ಹೋದವು. ಏಕೆಂದರೆ ಆಕೆಯನ್ನು ಅಲ್ಲಿಯ ಚಕ್ರವರ್ತಿ ಲಿಯೋಪೋಲ್ಡನಿಗೆ, ತಾಯಿಯ ಸ್ವಂತ ತಮ್ಮನಿಗೆ, ಕೊಡುವುದೆಂದಿತ್ತು. 1666ರಲ್ಲಿ ಮದುವೆಯಾಯಿತು. ಆರು ವರ್ಷಗಳಲ್ಲಿ ನಾಲ್ಕು ಮಕ್ಕಳನ್ನು ಹೆತ್ತಳು, ಉಳಿದದ್ದು ಒಂದು ಹೆಣ್ಣುಮಗು. 1673ರಲ್ಲಿ ತೀರಿಕೊಂಡಾಗ ಆಕೆಗೆ ಇಪ್ಪತ್ತೊಂದು. ರಾಜ್ಯ ಮನೆಯಿಂದ ಹೊರಗೆ ಹೋಗಬಾರದೆಂದು ಹ್ಯಾಬ್ಸ್‌ಬರ್ಗರು ಪೋಪರ ವಿನಾಯಿತಿ ಪಡೆದು ಪಡೆದು ತಮ್ಮೊಳಗೇ ಮಾಡಿಕೊಂಡ ಮದುವೆಗಳ ಬೆಲೆಯನ್ನು ತೆತ್ತವರು ಮೊದಲು ಈ ಹೆಣ್ಣುಮಕ್ಕಳು, ಆಮೇಲೆ ಅವರ ಕೂಸುಗಳು.


ಉತ್ತರ 5: ಹಳೆಯಂಚೆ

ಯಾರ ಪಕ್ಷ ಎಂಬ ಪ್ರಶ್ನೆಗೆ ಇನ್ನೊಂದು ಮುಖವಿದೆ: ಮಕ್ಕಳು ಯಾರವರು? ಕರಾರಿನಲ್ಲಿ ಇದಕ್ಕೆ ಸಂದೇಹವೇ ಇರಲಿಲ್ಲ. ಹೆಣ್ಣು ಎರಡು ಮನೆಗಳಿಗೆ ಸೇರಿದವಳಾದರೂ ಮಗು ಒಂದೇ ಮನೆಯದು.

ಐದನೆಯ ಚಾರ್ಲ್ಸನ ಮಗಳು ಹುವಾನಾ 1552ರಲ್ಲಿ ಪೋರ್ಚುಗಲ್‌ನ ಯುವರಾಜ ಜುವಾಂವ್‌ನನ್ನು ಮದುವೆಯಾದಳು. 1554ರ ಜನವರಿ 2ರಂದು ಗಂಡ ಸತ್ತ, ಹದಿನೆಂಟು ದಿನಗಳ ಮೇಲೆ ಮಗ ಸೆಬಾಸ್ಟಿಯನ್ ಹುಟ್ಟಿದ. ಅದೇ ವರ್ಷ ಅಣ್ಣ ಫಿಲಿಪ್ ಇಂಗ್ಲೆಂಡಿನ ರಾಣಿಯನ್ನು ಮದುವೆಯಾಗಲು ಹೊರಟಾಗ ಸ್ಪೇನನ್ನು ನೋಡಿಕೊಳ್ಳಲು ತವರಿನಿಂದ ಕರೆ ಬಂತು. ಮಗು ಪೋರ್ಚುಗಲ್‌ನ ಉತ್ತರಾಧಿಕಾರಿ, ಅದನ್ನು ಕರೆದುಕೊಂಡು ಹೋಗುವಂತಿರಲಿಲ್ಲ. ನಾಲ್ಕು ತಿಂಗಳ ಕೂಸನ್ನು ಲಿಸ್ಬನ್ನಿನಲ್ಲಿ ಅತ್ತೆ ಕ್ಯಾಟರೀನಾಳ ಮಡಿಲಿಗೆ ಹಾಕಿ ಹತ್ತೊಂಬತ್ತು ತುಂಬದ ಹುಡುಗಿ ಹೊರಟಳು. ಆ ಕ್ಯಾಟರೀನಾ ಚಾರ್ಲ್ಸನ ತಂಗಿಯೇ ಆದ್ದರಿಂದ ಹುವಾನಾಳಿಗೆ ಅತ್ತೆಯೂ ಹೌದು, ಸೋದರತ್ತೆಯೂ ಹೌದು.

1559ರವರೆಗೆ ಹುವಾನಾ ಸ್ಪೇನಿನ ರಾಜಪ್ರತಿನಿಧಿಯಾಗಿ ಆಡಳಿತ ನಡೆಸಿದಳು. ಹೆಂಗಸರಿಗೆ ಪ್ರವೇಶವಿಲ್ಲದ ಜೆಸ್ಯೂಟ್ ಪಾದ್ರಿಗಳ ಸಂಘವು ಆಕೆಯನ್ನು ಗಂಡಸಿನ ಹೆಸರಿನಲ್ಲಿ, ಗುಟ್ಟಾಗಿ, ಸದಸ್ಯಳನ್ನಾಗಿ ಸೇರಿಸಿಕೊಂಡಿತ್ತು. ಮತ್ತೆ ಮದುವೆಯ ಮಾತುಗಳು ಬಂದವು, ಆಕೆ ಒಪ್ಪಲಿಲ್ಲ. ಮ್ಯಾಡ್ರಿಡ್‌ನಲ್ಲಿ ತಾನು ಹುಟ್ಟಿದ ಅರಮನೆಯನ್ನೇ ಬರಿಗಾಲಿನ ಸನ್ಯಾಸಿನಿಯರ ಮಠವನ್ನಾಗಿ ಮಾಡಿ, ಅದರ ಪಕ್ಕದಲ್ಲಿಯೇ ವಾಸಕ್ಕೆ ಕೋಣೆಗಳನ್ನು ಇಟ್ಟುಕೊಂಡಳು. ಮಗನ ಸುದ್ದಿಯನ್ನೂ ಚಿತ್ರಗಳನ್ನೂ ಲಿಸ್ಬನ್ನಿನಿಂದ ತರಿಸಿಕೊಳ್ಳುತ್ತಿದ್ದಳು. 1573ರಲ್ಲಿ ಆಕೆ ಸತ್ತಾಗ ಸೆಬಾಸ್ಟಿಯನ್‌ಗೆ ಹತ್ತೊಂಬತ್ತು, ಅವನು ರಾಜ್ಯಭಾರವನ್ನು ವಹಿಸಿಕೊಂಡು ಐದು ವರ್ಷಗಳಾಗಿದ್ದವು. ತೊಟ್ಟಿಲು ಬಿಟ್ಟು ಬಂದ ದಿನದ ನಂತರ ತಾಯಿ ಮಗ ಮತ್ತೆ ಮುಖಾಮುಖಿಯಾಗಿರಲಿಲ್ಲ. ಆಕೆಯ ಸಮಾಧಿ ಆ ಮಠದ ಚರ್ಚಿನಲ್ಲಿದೆ. ಅದರ ಮೇಲೆ ಪೊಂಪೆಯೋ ಲಿಯೋನಿ ಕಡೆದ ಅಮೃತಶಿಲೆಯ ಹುವಾನಾ ಮಂಡಿಯೂರಿ ಕೈಜೋಡಿಸಿದ್ದಾಳೆ.